ಚೀಟಿ ಕೊಟ್ಟೆವು, ಮಗು ಎಲ್ಲಿ ಹೋಯಿತು?

ಓದುಗರ ಪ್ರಶ್ನೆ:

ಮೇಡಂ, ನಮಸ್ಕಾರ. ನಾನು ನಿವೃತ್ತ ಹೈಸ್ಕೂಲ್ ಮೇಷ್ಟ್ರು, ಕಲ್ಯಾಣ ಕರ್ನಾಟಕದ ಒಂದು ತಾಲ್ಲೂಕಿನವನು. ನಮ್ಮಲ್ಲಿ ಆರು ವರ್ಷದೊಳಗಿನ ಮಕ್ಕಳ ಮಾನಸಿಕ ಆರೋಗ್ಯಕ್ಕೆಂದು ಆರೋಗ್ಯ ಇಲಾಖೆ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ, ಶಿಕ್ಷಣ ಇಲಾಖೆ, ಪಂಚಾಯಿತಿಗಳು ಮತ್ತು ಒಂದು ಟ್ರಸ್ಟ್ ಎರಡು ವರ್ಷದಿಂದ ಒಟ್ಟಿಗೆ ಕೆಲಸ ಮಾಡುತ್ತಿವೆ. ಇವರ ನಡುವೆ ಸಹಕಾರ ಹೇಗಿದೆ ನೋಡಿ ಒಂದು ವರದಿ ಕೊಡಿ ಎಂದು ನನ್ನನ್ನು ಕೇಳಿದ್ದಾರೆ. ಸಭೆಗಳ ನಡಾವಳಿ, ತರಬೇತಿಯ ಫೋಟೋ ಎಲ್ಲ ಕೊಟ್ಟಿದ್ದಾರೆ. ಕಾಗದದ ಮೇಲೆ ಎಲ್ಲವೂ ಚೆನ್ನಾಗಿದೆ.

ಆದರೆ ನಮ್ಮ ಓಣಿಯಲ್ಲೇ ನಾಲ್ಕು ವರ್ಷದ ಒಬ್ಬ ಹುಡುಗನಿದ್ದಾನೆ. ಅಪ್ಪ ಅಮ್ಮ ಗಾರೆ ಕೆಲಸಕ್ಕೆ ಬೆಂಗಳೂರಿಗೆ ಹೋಗಿದ್ದಾರೆ, ಅಜ್ಜಿಯ ಹತ್ತಿರ ಇದ್ದಾನೆ. ಅಂಗನವಾಡಿಯಲ್ಲಿ ಎಂಟು ತಿಂಗಳಿಂದ ಒಂದು ಮಾತೂ ಆಡಿಲ್ಲ, ಬೇರೆ ಮಕ್ಕಳನ್ನು ಕಚ್ಚುತ್ತಾನೆ. ಟೀಚರ್ ಸೂಪರ್‌ವೈಸರ್‌ಗೆ ಹೇಳಿದ್ದಾರೆ. ತಪಾಸಣೆಗೆ ಬಂದ ಡಾಕ್ಟರ್ ತಂಡ 'ಮಾತು ತಡ' ಎಂದು ಚೀಟಿ ಬರೆದು ದೊಡ್ಡ ಆಸ್ಪತ್ರೆಗೆ ಕಳಿಸಿದೆ. ಅಜ್ಜಿ ಎರಡು ಬಸ್ ಬದಲಿಸಿ ಹೋದರೆ, ಅವತ್ತು ಆ ವಿಭಾಗ ಇರಲಿಲ್ಲವಂತೆ. ಮತ್ತೆ ಹೋಗಿಲ್ಲ. ಯಾರೂ ಕೇಳಿಲ್ಲ. ನಾನು ವಿಚಾರಿಸಿದರೆ ಟೀಚರ್ "ಚೀಟಿ ಕೊಟ್ಟೀವ್ರಿ ಸರ್, ಮುಂದಿಂದು ನಮಗೇನು ಗೊತ್ತಾಗಬೇಕು" ಅಂದರು. ಅಜ್ಜಿಯದು ಇನ್ನೊಂದೇ ಮಾತು: "ಮನ್ಯಾಗ ಕೋಳಿ ಕೂಡನೂ ಮಾತಾಡ್ತಾನ್ರಿ ಅವ."

ಇದು ಒಂದು ಮಗುವಿನ ಕಥೆಯೋ, ಇಡೀ ತಾಲ್ಲೂಕಿನದೋ? ಸಹಕಾರವನ್ನು ಅಳೆಯುವುದು ಹೇಗೆ? ಇಷ್ಟು ಚಿಕ್ಕ ಮಕ್ಕಳಿಗೆ ಮಾನಸಿಕ ತೊಂದರೆ ಇರುತ್ತದೆಯೇ? ಇನ್ನೊಂದು ಭಯವೂ ಇದೆ. ನಾನು ಇದ್ದದ್ದು ಇದ್ದಂತೆ ಬರೆದರೆ ಕೊನೆಗೆ ಆ ಬಡಪಾಯಿ ಟೀಚರ್ ತಲೆಗೇ ಬರುತ್ತದಲ್ಲವೇ?

ಉತ್ತರ:

ಮೇಷ್ಟ್ರೇ, ನಿಮ್ಮ ಕೊನೆಯ ಭಯದಿಂದಲೇ ಶುರು ಮಾಡುತ್ತೇನೆ. ಅದು ಸರಿಯಾದ ಭಯ. ಇಂಥ ವರದಿಗಳನ್ನು ನಾನು ಬಹಳ ನೋಡಿದ್ದೇನೆ, ಕೆಲವನ್ನು ಬರೆದೂ ಇದ್ದೇನೆ. ಒಳ್ಳೆ ಉದ್ದೇಶದಿಂದ ಬರೆದ ವರದಿಯೂ ಮೇಲಿಂದ ಕೆಳಗೆ ಇಳಿಯುತ್ತಾ ಇಳಿಯುತ್ತಾ, ತೀರಾ ಕೆಳಗಿರುವ ಹೆಣ್ಣುಮಗಳಿಗೆ ಒಂದು ನೋಟಿಸ್ ಆಗಿ ಮುಗಿಯುತ್ತದೆ. ಅದನ್ನು ತಪ್ಪಿಸುವ ದಾರಿ ಇದೆ, ಮುಂದೆ ಹೇಳುತ್ತೇನೆ. ನಿಮಗಿರುವ ಗೊಂದಲ ನನಗೆ ಅರ್ಥವಾದದ್ದು ಹೀಗೆ: ಕಾಗದ ಒಂದು ಹೇಳುತ್ತಿದೆ, ಓಣಿ ಇನ್ನೊಂದು ಹೇಳುತ್ತಿದೆ, ಯಾವುದನ್ನು ನಂಬಬೇಕು? ಎರಡೂ ಸುಳ್ಳಲ್ಲ. ಸಭೆಗಳು ನಿಜವಾಗಿಯೂ ನಡೆದಿವೆ. ಹುಡುಗನೂ ನಿಜವಾಗಿಯೂ ಎಲ್ಲೂ ತಲುಪಿಲ್ಲ. ನೀವು ಅಳೆಯಬೇಕಾದದ್ದು ಇವೆರಡರ ನಡುವಿನ ದೂರವನ್ನು.

ಮೊದಲು, ಇಷ್ಟು ಚಿಕ್ಕ ಮಕ್ಕಳಿಗೆ ಮನಸ್ಸಿನ ತೊಂದರೆ ಇರುತ್ತದೆಯೇ ಅನ್ನುವ ಪ್ರಶ್ನೆ. ಇರುತ್ತದೆ. ದೊಡ್ಡವರ ಹಾಗೆ "ಬೇಜಾರಾಗಿದೆ" ಎಂದು ಹೇಳುವುದಿಲ್ಲ, ಅಷ್ಟೇ. ನಿದ್ದೆ ಕೆಡುತ್ತದೆ, ಊಟ ಬಿಡುತ್ತಾರೆ, ಕಲಿತಿದ್ದ ಮಾತು ನಿಲ್ಲುತ್ತದೆ, ಒಣಗಿದ್ದ ಹಾಸಿಗೆ ಮತ್ತೆ ಒದ್ದೆಯಾಗುತ್ತದೆ, ಕಚ್ಚುತ್ತಾರೆ, ಇಲ್ಲವೇ ಯಾರಿಗೂ ತೊಂದರೆ ಕೊಡದೆ ಮೂಲೆಯಲ್ಲಿ ಕೂತುಬಿಡುತ್ತಾರೆ. ಈ ಕೊನೆಯವರನ್ನು ನಾವೆಲ್ಲ "ಪಾಪ, ಬಹಳ ಒಳ್ಳೆ ಮಗು" ಅನ್ನುತ್ತೇವೆ.

ನಮ್ಮ ದೊಡ್ಡ ಲೆಕ್ಕಗಳಲ್ಲೂ ಇವರು ಕಾಣುವುದಿಲ್ಲ. ನಿಮ್ಹಾನ್ಸ್ ಮುಂದೆ ನಿಂತು ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ದೊಡ್ಡವರನ್ನು ಮತ್ತು 13ರಿಂದ 17ರ ಮಕ್ಕಳನ್ನು ನೋಡಿತು. ಅದಕ್ಕಿಂತ ಚಿಕ್ಕವರು ಅದರಲ್ಲಿಲ್ಲ. ಹಾಗಾಗಿ "ನಮ್ಮ ತಾಲ್ಲೂಕಿನಲ್ಲಿ ಇಷ್ಟು ಶೇಕಡಾ ಪುಟ್ಟ ಮಕ್ಕಳಿಗೆ ತೊಂದರೆ ಇದೆ" ಎಂದು ಯಾರಾದರೂ ನಿಮಗೆ ಒಂದು ಸಂಖ್ಯೆ ಕೊಟ್ಟರೆ, ಅದು ಎಲ್ಲಿಂದ ಬಂತು ಎಂದು ಕೇಳಿ.

"ಗಂಡು ಮಕ್ಕಳಿಗೆ ಮಾತು ತಡ", "ಅವನಪ್ಪನೂ ಐದು ವರ್ಷಕ್ಕೇ ಮಾತಾಡಿದ್ದು" ಎಂಬ ಮಾತುಗಳನ್ನು ನೀವೂ ಕೇಳಿರುತ್ತೀರಿ. ಗಂಡು ಮಕ್ಕಳು ಸರಾಸರಿಯಲ್ಲಿ ಸ್ವಲ್ಪ ನಿಧಾನ, ನಿಜ. ಆದರೆ ಅದು ಕೆಲವು ತಿಂಗಳ ಮಾತು, ವರ್ಷಗಳದ್ದಲ್ಲ. ನಾಲ್ಕು ವರ್ಷದ ಮಗುವನ್ನು ಈ ಮಾತು ನಂಬಿ ಕಾಯಿಸಬಾರದು.

ಈಗ ನಿಮ್ಮ ಹುಡುಗನ ಚೀಟಿಗೆ ಬನ್ನಿ. ಅದರಲ್ಲಿ ಇದ್ದದ್ದು ಎರಡೇ ಪದ: ಮಾತು ತಡ. ಅಜ್ಜಿ ಹೇಳಿದ್ದು, ಮನೆಯಲ್ಲಿ ಕೋಳಿ ಜೊತೆಗೂ ಮಾತಾಡುತ್ತಾನೆ ಎಂದು. ಮೇಷ್ಟ್ರೇ, ನನ್ನ ಕೆಲಸದಲ್ಲಿ ಇವೆರಡೂ ಬೇರೆ ಬೇರೆ ದಾರಿ. ಎಲ್ಲೂ ಮಾತಾಡದ ಮಗುವಿಗೆ ಮೊದಲು ಕಿವಿ ಪರೀಕ್ಷೆ, ಆಮೇಲೆ ಬೆಳವಣಿಗೆ, ಆಟಿಸಂ ಇದೆಯೇ ಎಂದು ನೋಡುತ್ತೇವೆ. ಮನೆಯಲ್ಲಿ ಸಲೀಸಾಗಿ ಮಾತಾಡಿ ಹೊರಗೆ ತಿಂಗಳುಗಟ್ಟಲೆ ಬಾಯಿ ಬಿಡದ ಮಗುವಿನಲ್ಲಿ ನಾವು ಯೋಚಿಸುವುದು ಭಯದ ಬಗ್ಗೆ. ಸೆಲೆಕ್ಟಿವ್ ಮ್ಯೂಟಿಸಂ ಅನ್ನುತ್ತಾರೆ. ಅಪ್ಪ ಅಮ್ಮನ ಅಗಲಿಕೆಯ ನೋವೂ ಅದರ ಜೊತೆ ಸೇರಿರಬಹುದು. ನಾನು ಮಗುವನ್ನು ನೋಡಿಲ್ಲ, ಇದೇ ಎಂದು ಹೇಳುತ್ತಿಲ್ಲ. ಹೇಳುತ್ತಿರುವುದು ಇಷ್ಟು: ಈ ಕಥೆಯ ಅತಿ ಬೆಲೆಬಾಳುವ ಒಂದು ವಾಕ್ಯ ಅಜ್ಜಿಯ ಹತ್ತಿರ ಇತ್ತು. ಟೀಚರ್, ಸೂಪರ್‌ವೈಸರ್, ತಪಾಸಣಾ ತಂಡ, ಆಸ್ಪತ್ರೆ ಹೀಗೆ ನಾಲ್ಕು ಕಡೆ ಹಾದುಹೋದರೂ ಅದು ಯಾವ ಕಾಗದಕ್ಕೂ ಇಳಿಯಲಿಲ್ಲ. ಸಹಕಾರ ಎಲ್ಲಿ ಸೋರುತ್ತಿದೆ ಎಂದು ನೋಡಲು ಇದಕ್ಕಿಂತ ಒಳ್ಳೆ ಉದಾಹರಣೆ ನನಗೂ ಸಿಗಲಿಕ್ಕಿಲ್ಲ.

ಸಭೆ ಜಾಸ್ತಿ ಆದರೆ ಸಹಕಾರ ಜಾಸ್ತಿಯೇ?

ಎಲ್ಲರೂ ನಂಬಿರುವ ಮಾತಿದು. ನಾನೂ ಬಹಳ ವರ್ಷ ನಂಬಿದ್ದೆ. ಸಭೆಗೆ ಎಷ್ಟು ಇಲಾಖೆ ಬಂದವು, ಎಷ್ಟು ತರಬೇತಿ ಆಯಿತು, ಒಪ್ಪಂದಕ್ಕೆ ಸಹಿ ಬಿತ್ತೇ ಎಂದು ಎಣಿಸಿದರೆ ಸಹಕಾರ ಅಳೆದ ಹಾಗೆ ಅಂದುಕೊಂಡಿದ್ದೆ. ಇವೆಲ್ಲ ಬೇಕು, ಬೇಡವೆನ್ನುವುದಿಲ್ಲ. ಆದರೆ ಇವು ಮದುವೆ ಮನೆಯ ಚಪ್ಪರದ ಹಾಗೆ. ಚಪ್ಪರ ನೋಡಿ ಸಂಸಾರ ಹೇಗಿದೆ ಎಂದು ಹೇಳಲಾಗದು.

ಅಮೆರಿಕದಲ್ಲಿ ಇದನ್ನು ದುಡ್ಡು ಸುರಿದು ಪರೀಕ್ಷೆ ಮಾಡಿದ್ದಾರೆ. ನಾರ್ತ್ ಕ್ಯಾರೊಲಿನಾದ ಫೋರ್ಟ್ ಬ್ರ್ಯಾಗ್ ಎಂಬ ಸೈನಿಕ ನೆಲೆಯಲ್ಲಿ 1990ರಿಂದ ಸುಮಾರು 8 ಕೋಟಿ ಡಾಲರ್ ಖರ್ಚು ಮಾಡಿ, ಸೈನಿಕರ ಮಕ್ಕಳ ಮಾನಸಿಕ ಆರೋಗ್ಯಕ್ಕೆ ಎಲ್ಲ ಸೇವೆಗಳನ್ನೂ ಒಂದೇ ದಾರದಲ್ಲಿ ಪೋಣಿಸಿದರು. ಲೆನರ್ಡ್ ಬಿಕ್‌ಮನ್ ಎಂಬ ಸಂಶೋಧಕರ ತಂಡ ಅದನ್ನು ಬೇರೆ ನೆಲೆಗಳ ಮಕ್ಕಳ ಜೊತೆ ಹೋಲಿಸಿ ನೋಡಿತು. ಹೆಚ್ಚು ಮಕ್ಕಳಿಗೆ ಸೇವೆ ಸಿಕ್ಕಿತ್ತು, ಹೆತ್ತವರಿಗೆ ಸಮಾಧಾನವಿತ್ತು. ಆದರೆ ಮಕ್ಕಳು ಗುಣವಾಗುವುದರಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ, ಖರ್ಚು ಮಾತ್ರ ಜಾಸ್ತಿ ಆಗಿತ್ತು. ವ್ಯವಸ್ಥೆ ಚೆನ್ನಾಗಿ ಜೋಡಿಸಿದ್ದರು, ಆದರೆ ಆ ವ್ಯವಸ್ಥೆಯ ಕೊನೆಯಲ್ಲಿ ಮಗುವಿಗೆ ಸಿಗುವ ಚಿಕಿತ್ಸೆ ಹಳೆಯದೇ ಇತ್ತು.

1998ರಲ್ಲಿ ಟೆನೆಸಿ ರಾಜ್ಯದಿಂದ ಬಂದ ಇನ್ನೊಂದು ಅಧ್ಯಯನ ಇದಕ್ಕಿಂತ ಚುರುಕು ಮುಟ್ಟಿಸುವಂಥದ್ದು. ಚಾರ್ಲ್ಸ್ ಗ್ಲಿಸನ್ ಮತ್ತು ಆಂಥನಿ ಹೆಮೆಲ್‌ಗಾರ್ನ್ ಸರ್ಕಾರದ ವಶದಲ್ಲಿದ್ದ 250 ಮಕ್ಕಳನ್ನು ಮೂರು ವರ್ಷ ನೋಡಿದರು. ಮಕ್ಕಳ ಸುಧಾರಣೆಗೆ ಹೆಚ್ಚು ನಂಟು ಇದ್ದದ್ದು ಆಯಾ ಕಚೇರಿಯ ಒಳಗಿನ ವಾತಾವರಣಕ್ಕೆ. ಅಂದರೆ ಕೆಲಸದ ಹೊರೆ ತಡೆಯುವಷ್ಟಿದೆಯೇ, ಸಿಬ್ಬಂದಿ ಒಬ್ಬರಿಗೊಬ್ಬರು ಆಗುತ್ತಾರೆಯೇ, ತಮ್ಮ ಪಾತ್ರ ಏನು ಎಂದು ಅವರಿಗೆ ಗೊತ್ತಿದೆಯೇ ಎಂಬುದಕ್ಕೆ. ಇಲಾಖೆಗಳ ನಡುವೆ ಸಮನ್ವಯ ಹೆಚ್ಚಿಸಿದ ಕಡೆ ಸೇವೆಯ ಗುಣಮಟ್ಟ ಒಂದಿಷ್ಟು ಕೆಳಗೇ ಇತ್ತು. ಯಾಕೆ? ಸಮನ್ವಯಕ್ಕೆ ಬೇರೆ ತಂಡ ಬಂದ ಮೇಲೆ, ಮಗುವನ್ನು ದಿನಾ ನೋಡುವ ಕೆಲಸಗಾರರು "ಅದು ಅವರ ಕೆಲಸ" ಎಂದು ಕೈಬಿಟ್ಟಿರಬೇಕು.

ಅಲ್ಲಿಯ ಮಕ್ಕಳು ನಿಮ್ಮ ಅಂಗನವಾಡಿಯವರಿಗಿಂತ ದೊಡ್ಡವರು, ದೇಶವೂ ಬೇರೆ. ಹಾಗೇ ಎತ್ತಿ ಇಲ್ಲಿ ಅಂಟಿಸಬೇಡಿ. ಆದರೂ ನಿಮ್ಮ ಟೀಚರ್ ಹೇಳಿದ "ಮುಂದಿಂದು ನಮಗೇನು ಗೊತ್ತಾಗಬೇಕು" ಅನ್ನುವುದು ಅದೇ ಮಾತಲ್ಲವೇ? ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅನ್ನುತ್ತಾರೆ. ಇಲ್ಲಿ ಜಗಳವೇ ಇಲ್ಲ. ಎಲ್ಲರೂ ಒಟ್ಟಿಗೆ ಚಹಾ ಕುಡಿದು ಫೋಟೋಗೆ ನಿಂತಿರುವಾಗಲೇ ಕೂಸು ಬಡವಾಗುತ್ತದೆ.

ದಾರ ಕಡಿಯುವುದು ಎಲ್ಲೆಲ್ಲಿ

ಇದಕ್ಕೆ ಕಾರಣ ಯಾರ ಸೋಮಾರಿತನವೂ ಅಲ್ಲ, ಬಹುಪಾಲು. ಪ್ರತಿ ಇಲಾಖೆಯನ್ನೂ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಕೆಲಸಕ್ಕೆ ಕಟ್ಟಿದ್ದಾರೆ. ಅಂಗನವಾಡಿಗಳನ್ನು ನಡೆಸುವ ಐಸಿಡಿಎಸ್ ಯೋಜನೆ ಶುರುವಾದದ್ದು 1975ರ ಅಕ್ಟೋಬರ್ 2ರಂದು, ದೇಶದ 33 ಕಡೆ. ನಮ್ಮ ಟಿ. ನರಸೀಪುರ ಅದರಲ್ಲಿ ಒಂದು. ಅದರ ಜೀವಾಳ ಪೌಷ್ಟಿಕತೆ. ಅಂಗನವಾಡಿ ಟೀಚರ್ ಮಗುವನ್ನು ತೂಕದಿಂದ ನೋಡಲು ಕಲಿತಿದ್ದು ಅಲ್ಲಿಂದಲೇ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಬೇರು ನಿಮ್ಮ ಭಾಗದ್ದೇ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿಯಲ್ಲಿ ಮಾಡಿದ ಪ್ರಯೋಗವನ್ನು ನೋಡಿ 1996ರಲ್ಲಿ ಅದನ್ನು ಬೇರೆ ಜಿಲ್ಲೆಗಳಿಗೆ ತಂದರು. ಆ ಪ್ರಯೋಗದ ಕಣ್ಣು ಇದ್ದದ್ದು ತೀವ್ರ ಮನೋರೋಗ ಮತ್ತು ಮೂರ್ಛೆರೋಗದ ಮೇಲೆ, ಹೆಚ್ಚಾಗಿ ದೊಡ್ಡವರ ಮೇಲೆ. ಮಕ್ಕಳ ತಪಾಸಣೆಯ ಆರ್‌ಬಿಎಸ್‌ಕೆ ಬಂದದ್ದು 2013ರಲ್ಲಿ. ಇದರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬರಬೇಕು, ಹೃದಯದ ತೊಂದರೆಯಿಂದ ಹಿಡಿದು ಹಲ್ಲು ಹುಳುಕಿನ ತನಕ ನೋಡಬೇಕು. ಅದರ ಪಟ್ಟಿಯಲ್ಲಿ ಮಾತು ತಡ, ಆಟಿಸಂ ಎಲ್ಲ ಇವೆ. ಆದರೆ ಬೆಳಗ್ಗೆಯಿಂದ ಮಧ್ಯಾಹ್ನದೊಳಗೆ ಇಷ್ಟೂ ಮಕ್ಕಳನ್ನು ನೋಡುವಾಗ, ಹೊಸ ಮುಖ ಕಂಡು ಬಾಯಿ ಮುಚ್ಚಿದ ಮಗು ಯಾವಾಗಲೂ ಹೀಗೋ, ಇವತ್ತು ಮಾತ್ರವೋ ಎಂದು ಆ ಡಾಕ್ಟರಿಗೆ ಹೇಗೆ ಗೊತ್ತಾಗಬೇಕು?

ವಯಸ್ಸಿನಲ್ಲೂ ಒಂದು ಬಿರುಕಿದೆ. ಇದನ್ನು ನಿಮ್ಮ ತಾಲ್ಲೂಕಿನಲ್ಲಿ ಖಂಡಿತ ಪರೀಕ್ಷಿಸಿ. ಪುಟ್ಟ ಮಕ್ಕಳ ಮನೆಗೆ ಆಶಾ ಕಾರ್ಯಕರ್ತೆ ಹೋಗಬೇಕಾದ ನಿಗದಿತ ಭೇಟಿಗಳು 3, 6, 9, 12 ಮತ್ತು 15ನೇ ತಿಂಗಳಿಗೆ. ಮಗು ಅಂಗನವಾಡಿಗೆ ದಿನಾ ಬಂದು ಕೂರುವುದು ಮೂರು ವರ್ಷದ ಮೇಲೆ. ಮಾತು ಅರಳುವ, ಆಟಿಸಂನ ಸುಳಿವು ಮೊದಲು ಕಾಣುವ ಒಂದೂವರೆ ಎರಡು ವರ್ಷದ ಕಾಲ ಸರಿಯಾಗಿ ಇವೆರಡರ ಸಂದಿಯಲ್ಲಿದೆ. ಆಗ ತಾಯಿ ಮಗುವನ್ನು ಎತ್ತಿಕೊಂಡು ಬರುವುದು ಪಕ್ಕಾ ಆಗಿರುವ ದಿನ ಒಂದೇ, 16ರಿಂದ 24 ತಿಂಗಳ ನಡುವಿನ ಲಸಿಕೆಯ ದಿನ. ಅವತ್ತು ಚುಚ್ಚುಮದ್ದಿನ ಜೊತೆ "ಹೆಸರು ಕರೆದರೆ ತಿರುಗುತ್ತಾನಾ? ಬೇಕಾದ್ದನ್ನು ಬೆರಳು ಮಾಡಿ ತೋರಿಸುತ್ತಾನಾ?" ಎಂದು ಯಾರಾದರೂ ಕೇಳುತ್ತಾರೆಯೇ ನೋಡಿ. ತಾಯಿ ಕಾರ್ಡಿನಲ್ಲಿ ಬೆಳವಣಿಗೆಯ ಚಿತ್ರಗಳಿವೆ. ಆ ಪುಟ ತುಂಬಿದ ಕಾರ್ಡ್ ಎಷ್ಟು ಸಿಗುತ್ತವೆ, ಹತ್ತು ಮನೆಯಲ್ಲಿ ಕೇಳಿ.

ಇನ್ನೊಂದು ಸೂಕ್ಷ್ಮ, ಪದಗಳದ್ದು. "ರೆಫರ್ ಆಯಿತು" ಎಂಬ ಒಂದೇ ಮಾತಿಗೆ ಮೂರು ಅರ್ಥ ನಾನು ನೋಡಿದ್ದೇನೆ. ಅಂಗನವಾಡಿಯಲ್ಲಿ ಅದರ ಅರ್ಥ ಸೂಪರ್‌ವೈಸರ್‌ಗೆ ಹೇಳಿ ರಿಜಿಸ್ಟರಿನಲ್ಲಿ ಬರೆದಾಯಿತು ಎಂದು. ತಪಾಸಣಾ ತಂಡಕ್ಕೆ ಚೀಟಿ ಕೊಟ್ಟಾಯಿತು ಎಂದು. ಆಸ್ಪತ್ರೆಗೆ ಓಪಿಡಿ ನಂಬರ್ ಬಿದ್ದಿತು ಎಂದು. ಮೂವರೂ ಸಭೆಯಲ್ಲಿ ಕೂತು "ರೆಫರ್ ಆಗಿದೆ ಸರ್" ಅಂದರೆ ಮೂವರೂ ಸತ್ಯವನ್ನೇ ಹೇಳುತ್ತಿದ್ದಾರೆ. ಮಗುವಿಗೆ ಚಿಕಿತ್ಸೆ ಶುರುವಾಗಿದೆ ಎಂದು ಮಾತ್ರ ಯಾರೂ ಹೇಳಿಲ್ಲ. ನಡಾವಳಿಯಲ್ಲಿ ಮೂರೂ ಸೇರಿ ಒಂದು ಚೆಂದದ ಸಂಖ್ಯೆ ಆಗುತ್ತದೆ.

ಅಳೆಯುವುದು ಹೇಗೆ

ನಿಮ್ಮ ಮುಂದೆ ಕೆಲವು ದಾರಿಗಳಿವೆ. ಸುಲಭದ್ದು ಪ್ರಶ್ನಾವಳಿ. ಪ್ರತಿ ಇಲಾಖೆಯವರಿಗೂ ಕಾಗದ ಕೊಟ್ಟು "ನಮ್ಮ ನಡುವೆ ನಂಬಿಕೆ ಇದೆ", "ಮಾಹಿತಿ ಹಂಚಿಕೊಳ್ಳುತ್ತೇವೆ" ಎಂಬ ವಾಕ್ಯಗಳಿಗೆ ಒಂದರಿಂದ ಐದರೊಳಗೆ ಅಂಕ ಹಾಕಿಸುವುದು. ಜಗತ್ತಿನಲ್ಲೆಲ್ಲ ಇದೇ ಹೆಚ್ಚು ಬಳಕೆಯಲ್ಲಿದೆ. ನಮ್ಮಲ್ಲಿ ಇದರ ಕಷ್ಟ ನಿಮಗೇ ಗೊತ್ತು. ಪಕ್ಕದಲ್ಲಿ ಸಾಹೇಬರು ಕೂತಿರುವಾಗ ಯಾರು ಎರಡು ಅಂಕ ಹಾಕುತ್ತಾರೆ? ಎಲ್ಲಾ ನಾಲ್ಕು, ನಾಲ್ಕೂವರೆ. ಮಾಡುವುದಾದರೆ ಹೆಸರಿಲ್ಲದೆ, ಮೇಲಿನವರು ಕೆಳಗಿನವರು ಬೇರೆ ಬೇರೆ ಕೂತು ತುಂಬಲಿ. ಇಬ್ಬರ ಸರಾಸರಿ ತೆಗೆಯಬೇಡಿ, ಇಬ್ಬರ ನಡುವಿನ ಅಂತರ ನೋಡಿ. ಅಧಿಕಾರಿಗಳು ನಾಲ್ಕೂವರೆ, ಟೀಚರ್‌ಗಳು ಎರಡೂವರೆ ಎಂದು ಬಂದರೆ ನಿಮಗೆ ಸುದ್ದಿ ಸಿಕ್ಕಿತು.

ಎರಡನೆಯದು ಫೋನಿನ ನಕ್ಷೆ. ಇದು ನನಗೆ ಬಹಳ ಇಷ್ಟ. ಒಬ್ಬೊಬ್ಬರನ್ನೇ ಕೂರಿಸಿಕೊಂಡು ಕೇಳುವುದು: "ಒಂದು ಮಗುವಿನ ವಿಷಯಕ್ಕೆ ನೀವು ಬೇರೆ ಇಲಾಖೆಯ ಯಾರಿಗೆ ಫೋನ್ ಮಾಡ್ತೀರಿ? ಕೊನೆಯ ಸಲ ಯಾವಾಗ ಮಾಡಿದ್ರಿ? ಅವರು ತಿರುಗಿ ಮಾಡಿದ್ರಾ?" ಉತ್ತರಗಳನ್ನು ಬಾಣದ ಗೆರೆ ಎಳೆದು ಜೋಡಿಸಿದರೆ ತಾಲ್ಲೂಕಿನ ಅಸಲಿ ನಕ್ಷೆ ಕಾಣುತ್ತದೆ. ಸಾಮಾನ್ಯವಾಗಿ ಎಲ್ಲ ಗೆರೆಗಳೂ ಒಬ್ಬರ ಕಡೆಗೇ ಹೋಗುತ್ತವೆ. ಒಬ್ಬ ನರ್ಸ್ ಇರಬಹುದು, ಪಂಚಾಯಿತಿಯ ಅಂಗವಿಕಲರ ಪುನರ್ವಸತಿ ಕಾರ್ಯಕರ್ತ ಇರಬಹುದು. ಇಡೀ ಸಹಕಾರ ಅವರ ತಲೆ ಮೇಲೆ ನಿಂತಿರುತ್ತದೆ. ಅವರಿಗೆ ವರ್ಗವಾದರೆ ಕಥೆ ಮುಗಿಯಿತು. ಅಪಾಯ ಏನೆಂದರೆ ಈ ನಕ್ಷೆಯನ್ನು ಹೆಸರು ಸಮೇತ ಮೇಲೆ ಕಳಿಸಿದರೆ, ಫೋನ್ ಎತ್ತದವರ ಪಟ್ಟಿ ಆಗಿಬಿಡುತ್ತದೆ. ಹುದ್ದೆ ಬರೆಯಿರಿ, ಹೆಸರು ಬೇಡ.

ಮೂರನೆಯದು, ನಾನು ನಿಮಗೆ ಹೇಳುವುದು, ಮಗುವಿನ ಹಿಂದೆ ನಡೆಯುವುದು. ಕಳೆದ ವರ್ಷ ಯಾವುದಾದರೂ ರಿಜಿಸ್ಟರಿನಲ್ಲಿ ಹೆಸರು ಬಂದ ಹತ್ತು ಹನ್ನೆರಡು ಮಕ್ಕಳನ್ನು ಆರಿಸಿ. ಇಲಾಖೆಯವರೇ ಆರಿಸಿ ಕೊಟ್ಟರೆ ಬೇಡ, ಗುಣವಾದ ಮಕ್ಕಳೇ ಬರುತ್ತಾರೆ. ದೂರದ ತಾಂಡಾದ ಮಗು, ವಲಸೆ ಹೋದ ಮನೆಯ ಮಗು, ಹೆಣ್ಣು ಮಗು ಪಟ್ಟಿಯಲ್ಲಿ ಇರಲೇಬೇಕು. ಒಂದೊಂದು ಮಗುವಿಗೆ ಒಂದು ದೊಡ್ಡ ಹಾಳೆ. ಮೊದಲು ಯಾರಿಗೆ ಅನುಮಾನ ಬಂತು, ಯಾವ ದಿನ. ಯಾರಿಗೆ ಹೇಳಿದರು. ಎಷ್ಟು ದಿನ ಸುಮ್ನೆ ಹೋಯಿತು. ಆಸ್ಪತ್ರೆ ತಲುಪಿತೇ, ಎರಡನೇ ಸಲ ಹೋಯಿತೇ. ಅಲ್ಲಿ ಹೇಳಿದ್ದು ಅಂಗನವಾಡಿಗೆ ವಾಪಸ್ ಬಂತೇ. ಆರು ತಿಂಗಳ ಮೇಲೆ ಮಗು ಹೇಗಿದೆ. ಹನ್ನೆರಡು ಮಕ್ಕಳಿಗೆ ಶೇಕಡಾ ಲೆಕ್ಕ ಹಾಕಬೇಡಿ. "ಹನ್ನೆರಡರಲ್ಲಿ ಮೂವರು" ಎಂದೇ ಬರೆಯಿರಿ. ಇದು ಒಂದು ಮಗುವಿನ ಕಥೆಯೋ ತಾಲ್ಲೂಕಿನದೋ ಎಂಬ ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲೇ ಸಿಗುತ್ತದೆ. ಐದಾರು ಹಾಳೆಗಳಲ್ಲಿ ದಾರ ಒಂದೇ ಜಾಗದಲ್ಲಿ ಕಡಿದಿದ್ದರೆ ಅದು ಮಗುವಿನ ಅದೃಷ್ಟದ ಮಾತಲ್ಲ.

ಕೆಲವು ವರ್ಷಗಳ ಹಿಂದೆ ದಕ್ಷಿಣದ ಒಂದು ತಾಲ್ಲೂಕಿನಲ್ಲಿ ನಾವು ಇದನ್ನು ಮಾಡಿದ್ದೆವು. ಸಭಾಂಗಣದ ಕುರ್ಚಿಗಳನ್ನು ಪಕ್ಕಕ್ಕೆ ಸರಿಸಿ ನೆಲದ ಮೇಲೆ ಹಾಳೆ ಹಾಸಿದೆವು. ಅಂಗನವಾಡಿಯವರಿಗೆ ಹಸಿರು ಸ್ಕೆಚ್ ಪೆನ್, ಆರೋಗ್ಯದವರಿಗೆ ಕೆಂಪು, ಶಾಲೆಯವರಿಗೆ ನೀಲಿ. ಎಲ್ಲರೂ ಚಪ್ಪಲಿ ಬಿಟ್ಟು ಮಂಡಿಯೂರಿ ತಮ್ಮ ತಮ್ಮ ತಾರೀಖು ಬರೆಯುತ್ತಿದ್ದರು. ಒಂದು ಹಾಳೆಯ ಮುಂದೆ ನರ್ಸಮ್ಮ ಮತ್ತು ಟೀಚರ್ ಇಬ್ಬರೂ ಕೈ ನಿಲ್ಲಿಸಿಬಿಟ್ಟರು. ಆರೋಗ್ಯ ಕೇಂದ್ರದ ಪುಸ್ತಕದಲ್ಲಿ ಆ ಮಗು ತಾಯಿಯ ಹೆಸರಿನ ಕೆಳಗೆ "ಬೇಬಿ ಆಫ್" ಎಂದೇ ಉಳಿದಿತ್ತು. ಅಂಗನವಾಡಿಯಲ್ಲಿ ಮನೆಯವರು ಕರೆಯುವ ಮುದ್ದಿನ ಹೆಸರಿತ್ತು. ಇಬ್ಬರೂ ಪ್ರತಿ ತಿಂಗಳು ಲಸಿಕೆಯ ದಿನ ಒಂದೇ ಬೆಂಚಿನ ಮೇಲೆ ಕೂರುತ್ತಿದ್ದವರು. ವರ್ಷದಿಂದ ಒಂದೇ ಮಗುವಿನ ಬಗ್ಗೆ ಇಬ್ಬರೂ ಚಿಂತೆ ಮಾಡುತ್ತಿದ್ದರು, ಎರಡು ಬೇರೆ ಮಕ್ಕಳು ಅಂದುಕೊಂಡು. ಅವತ್ತು ನಾವು ಯಾರಿಗೂ ಭಾಷಣ ಮಾಡಬೇಕಾಗಲಿಲ್ಲ. ಮುಂದಿನ ತಿಂಗಳಿಂದ ರಿಜಿಸ್ಟರಿನಲ್ಲಿ ಒಂದು ಹೊಸ ಕಾಲಂ ಅವರೇ ಗೆರೆ ಎಳೆದು ಹಾಕಿಕೊಂಡರು: "ವಾಪಸ್ ಏನು ಬಂತು?"

ಹಾಗೆಂದು ಎಲ್ಲ ಸುಸೂತ್ರವಾಗಿತ್ತು ಅಂದುಕೊಳ್ಳಬೇಡಿ. ಅದೇ ತಾಲ್ಲೂಕಿನಲ್ಲಿ ನಾನು ಒಂದು ತಪ್ಪು ಮಾಡಿದೆ. ಹಾಳೆಗಳ ಫೋಟೋ ತೆಗೆದು ಎಲ್ಲರೂ ಇದ್ದ ವಾಟ್ಸಾಪ್ ಗುಂಪಿಗೆ ಹಾಕಿದೆ, ಅನುಕೂಲವಾಗಲಿ ಎಂದು. ಎರಡು ದಿನದಲ್ಲಿ ಒಂದು ಮಗುವಿನ ಚಿಕ್ಕಪ್ಪ ಬಂದು "ನಮ್ಮ ಹುಡುಗಿಗೆ ತಲೆ ಸರಿಯಿಲ್ಲ ಅಂತ ಊರಿಗೆಲ್ಲ ಗೊತ್ತಾಯ್ತು" ಎಂದು ಕೂಗಾಡಿದರು. ತಪ್ಪು ನನ್ನದೇ. ಮಗುವನ್ನು ಅವರು ಅಂಗನವಾಡಿಯಿಂದ ಬಿಡಿಸಿಬಿಟ್ಟರು. ಆದ್ದರಿಂದ ಹೇಳುತ್ತೇನೆ: ಹಾಳೆಯ ಮೇಲೆ ಹೆಸರಿಲ್ಲ, ಒಂದು ಸಂಖ್ಯೆ ಮಾತ್ರ. ಸಂಖ್ಯೆ ಮತ್ತು ಹೆಸರಿನ ಪಟ್ಟಿ ನಿಮ್ಮ ಮನೆಯ ಬೀರುವಿನಲ್ಲಿ. ಫೋಟೋ ಬೇಡವೇ ಬೇಡ. ಪೋಷಕರನ್ನು ಮೊದಲೇ ಕೇಳಿ, ಬೇಡ ಅಂದರೆ ಬಿಟ್ಟುಬಿಡಿ. ಆಸ್ಪತ್ರೆಯವರು ಮಗುವಿನ ಕಾಯಿಲೆಯ ವಿವರ ನಿಮಗೆ ಕೊಡದಿದ್ದರೆ ಅದನ್ನು ಅಸಹಕಾರ ಎಂದು ಬರೆಯಬೇಡಿ. ಚಿಕಿತ್ಸೆಯ ವಿವರ ಗುಟ್ಟಾಗಿಡುವುದು 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುವ ಹಕ್ಕು. ನಿಮಗೆ ಬೇಕಾದದ್ದು ಕಾಯಿಲೆಯ ಹೆಸರಲ್ಲ, ಬಂದರೇ, ಯಾವಾಗ, ಮುಂದಿನ ತಾರೀಖು ಕೊಟ್ಟರೇ ಎಂಬುದು ಅಷ್ಟೇ.

ಇದಕ್ಕೆ ಒಂದು ಮುಖ್ಯ ಹೊರತು ಇದೆ. ಯಾವುದಾದರೂ ಮನೆಯಲ್ಲಿ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ಗೊತ್ತಾದರೆ, ಆಗ ಗುಟ್ಟಿನ ಮಾತಿಲ್ಲ. 2012ರ ಪೋಕ್ಸೋ ಕಾಯ್ದೆಯಡಿ ಪೊಲೀಸರಿಗೆ ತಿಳಿಸುವುದು ಗೊತ್ತಾದ ಎಲ್ಲರ ಕರ್ತವ್ಯ, ವರದಿ ಬರೆಯುವವರದ್ದೂ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದರೆ ಮುಂದಿನ ದಾರಿ ಹೇಳುತ್ತಾರೆ. ಕೆಲಸ ಶುರು ಮಾಡುವ ಮೊದಲೇ ಇದನ್ನು ನಿಮ್ಮ ತಂಡಕ್ಕೆ ಹೇಳಿಡಿ.

ಹೊರಗಿನ ಸಂಸ್ಥೆಗೆ ವಹಿಸಿ ಎಂದೂ ಕೆಲವರು ಸಲಹೆ ಕೊಡುತ್ತಾರೆ. ದುಡ್ಡಿದ್ದರೆ ಸರಿ. ಅವರು ಧೈರ್ಯವಾಗಿ ಬರೆಯುತ್ತಾರೆ. ಆದರೆ ನಿಮಗೆ ಅಜ್ಜಿ ಹೇಳಿದ ಕೋಳಿ ಮಾತು ಅವರಿಗೆ ಸಿಗಲಿಕ್ಕಿಲ್ಲ.

ಟೀಚರ್ ತಲೆಗೆ ಬಾರದಂತೆ ಬರೆಯುವುದು

ವರದಿಯಲ್ಲಿ ಯಾರು ತಪ್ಪಿದರು ಎಂದು ಬರೆಯಬೇಡಿ, ಎಲ್ಲಿ ಕಡಿಯಿತು ಎಂದು ಬರೆಯಿರಿ. "ಟೀಚರ್ ವಿಚಾರಿಸಲಿಲ್ಲ" ಎಂಬುದರ ಬದಲು "ಆಸ್ಪತ್ರೆಯಿಂದ ಅಂಗನವಾಡಿಗೆ ಸುದ್ದಿ ವಾಪಸ್ ತರುವ ಕೆಲಸ ಯಾರದ್ದು ಎಂದು ಯಾವ ಆದೇಶದಲ್ಲೂ ನಮಗೆ ಕಾಣಲಿಲ್ಲ" ಎಂದರೆ ಅದು ಹೆಚ್ಚು ನಿಜವೂ ಹೌದು, ಸರಿಪಡಿಸಲು ಆಗುವಂಥದ್ದೂ ಹೌದು. ಬರೆಯುವ ಮೊದಲು ಆ ಆದೇಶಗಳನ್ನು ಒಮ್ಮೆ ತರಿಸಿ ಓದಿ. ವಿಶೇಷ ಅಗತ್ಯದ ಮಕ್ಕಳಿಗೆಂದೇ ಕೇಂದ್ರ ಸರ್ಕಾರ 2023ರ ನವೆಂಬರಿನಲ್ಲಿ ಅಂಗನವಾಡಿ ಪ್ರೋಟೋಕಾಲ್ ಹೊರಡಿಸಿದೆ. ಆಶಾ, ಎಎನ್‌ಎಂ ಅಂದರೆ ಊರಿನ ಆರೋಗ್ಯ ಸಹಾಯಕಿ, ಆರ್‌ಬಿಎಸ್‌ಕೆ ತಂಡದ ಮೂಲಕ ಮಗುವನ್ನು ಮುಂದೆ ಕಳಿಸುವ ದಾರಿ ಅದರಲ್ಲಿದೆ. ನಿಮ್ಮ ತಾಲ್ಲೂಕಿನಲ್ಲಿ ಅದನ್ನು ಯಾರು ನೋಡಿದ್ದಾರೆ ಎಂದು ಕೇಳುವುದೇ ಒಂದು ಮೌಲ್ಯಮಾಪನ.

ಕರಡನ್ನು ಮೇಲಿನವರಿಗೆ ಕೊಡುವ ಮೊದಲು ಟೀಚರ್, ಆಶಾ, ನರ್ಸ್‌ಗಳಿಗೆ ಓದಿ ಹೇಳಿ. ತಿದ್ದಲಿ. ಅವರ ಕಚೇರಿಯ ಒಳಗಿನ ಪರಿಸ್ಥಿತಿಗೂ ಒಂದು ಪುಟ ಕೊಡಿ: ಎಷ್ಟು ರಿಜಿಸ್ಟರ್, ಎಷ್ಟು ಆ್ಯಪ್, ಎಷ್ಟು ಸರ್ವೆ ಡ್ಯೂಟಿ, ಖಾಲಿ ಹುದ್ದೆ ಎಷ್ಟು. ಟೆನೆಸಿಯ ಪಾಠ ಅದೇ. ಒಂದು ವಿಷಯದಲ್ಲಿ ಮಾತ್ರ ಹುಷಾರು. ನಿಮ್ಮ ವರದಿ ನೋಡಿ ಯಾರಾದರೂ ಉತ್ಸಾಹದಲ್ಲಿ "ಪ್ರತಿ ಅಂಗನವಾಡಿಯಿಂದ ತಿಂಗಳಿಗೆ ಇಬ್ಬರು ಮಕ್ಕಳನ್ನು ರೆಫರ್ ಮಾಡಲೇಬೇಕು" ಎಂದು ಗುರಿ ಹಾಕಬಹುದು. ಹಾಗಾದರೆ ಕೆಟ್ಟಿತು. ತುಂಟ ಮಕ್ಕಳಿಗೆಲ್ಲ ಚೀಟಿ ಬರುತ್ತದೆ, ಆಸ್ಪತ್ರೆ ತುಂಬುತ್ತದೆ, ನಿಜವಾಗಿ ಬೇಕಾದ ಮಗು ಸಾಲಿನ ಕೊನೆಯಲ್ಲಿ ನಿಲ್ಲುತ್ತದೆ. ಗುರಿ ಹಾಕಲೇಬೇಕಿದ್ದರೆ ವಾಪಸ್ ಬಂದ ಸುದ್ದಿಗೆ ಹಾಕಲಿ.

ವರದಿ ಮೂರು ತಿಂಗಳು ತೆಗೆದುಕೊಳ್ಳಲಿ, ಪರವಾಗಿಲ್ಲ. ಹುಡುಗ ಕಾಯುವುದು ಬೇಡ. ದೊಡ್ಡ ಆಸ್ಪತ್ರೆಯಲ್ಲಿ ಮಕ್ಕಳ ಶೀಘ್ರ ಪತ್ತೆ ಕೇಂದ್ರ, ಅಂದರೆ ಡಿಇಐಸಿ, ಮತ್ತು ಮನೋವೈದ್ಯರು ಯಾವ ವಾರ ಇರುತ್ತಾರೆ ಎಂದು ಮೊದಲು ಫೋನ್ ಮಾಡಿ ಕೇಳಿಕೊಳ್ಳಿ. ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಮನೋಚೈತನ್ಯ ಯೋಜನೆಯ ಮಂಗಳವಾರದ ಕ್ಲಿನಿಕ್ ನಿಮ್ಮಲ್ಲಿ ನಡೆಯುತ್ತಿದ್ದರೆ ಅಜ್ಜಿಗೆ ಒಂದು ಬಸ್ಸಾದರೂ ಉಳಿಯುತ್ತದೆ. ಏನೂ ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಇದೆ, ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಮನೆಯಲ್ಲಿ ಮಾತಾಡಿದರೂ ಕಿವಿ ಪರೀಕ್ಷೆ ಬಿಡಬೇಡಿ. ಟೀಚರ್‌ಗೆ ಹೇಳಿ, "ಹೇಳು ಹೇಳು" ಎಂದು ಒತ್ತಾಯ ಮಾಡುವುದು, ಮಾತಾಡಿದರೆ ಚಾಕೊಲೇಟ್ ಎಂದು ಎಲ್ಲರ ಮುಂದೆ ಆಸೆ ತೋರಿಸುವುದು ಬೇಡ. ತಲೆಯಾಡಿಸಿದರೂ, ಬೆರಳು ತೋರಿಸಿದರೂ ಸದ್ಯಕ್ಕೆ ಅದೇ ಮಾತು. ಅಪ್ಪ ಅಮ್ಮ ದಿನಾ ಒಂದೇ ಹೊತ್ತಿಗೆ, ಸಂಜೆ ಏಳಕ್ಕೆ ಅಂದರೆ ಏಳಕ್ಕೇ, ವಿಡಿಯೋ ಕಾಲ್ ಮಾಡಲಿ. ಯಾವಾಗಲೋ ಬರುವ ಉದ್ದದ ಕಾಲಿಗಿಂತ ದಿನಾ ಬರುವ ಐದು ನಿಮಿಷ ಈ ವಯಸ್ಸಿಗೆ ಮೇಲು.

ಆಸ್ಪತ್ರೆಗೆ ಹೋಗುವ ದಿನ ಅಜ್ಜಿಯ ಜೊತೆ ನೀವೋ, ಆಶಾ ಕಾರ್ಯಕರ್ತೆಯೋ ಒಬ್ಬರು ಹೋಗಿ. ಹಳೇ ಚೀಟಿ, ತಾಯಿ ಕಾರ್ಡ್ ಚೀಲದಲ್ಲಿರಲಿ. ಹಿಂದಿನ ದಿನ ಸಂಜೆ, ಹುಡುಗನಿಗೆ ಗೊತ್ತಾಗದ ಹಾಗೆ, ಅವನು ಕೋಳಿಗಳ ಜೊತೆ ಮಾತಾಡುವುದನ್ನು ಮೊಬೈಲಿನಲ್ಲಿ ಎರಡು ನಿಮಿಷ ರೆಕಾರ್ಡ್ ಮಾಡಿಕೊಳ್ಳಿ. ಡಾಕ್ಟರ ಮುಂದೆ ಅವನು ಬಾಯಿ ಬಿಡುವುದಿಲ್ಲ. ಅದನ್ನು ತೋರಿಸಿ, ತೋರಿಸಿದ ಮೇಲೆ ಅಳಿಸಿಬಿಡಿ.